ಚಿಗರಿ ಮುರಿದ ಸಸಿ, ನಾನು ಬರೆದ ವರದಿ

ಮುರಿದ ಸಸಿಯೊಂದನ್ನು ಕಂಡ ಕೂಡಲೇ ಇದು ಇಂಥವರದೇ ಕೆಲಸ ಎಂದು ಹೇಳುವವನನ್ನು ನಂಬಬೇಡಿ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಮೂವತ್ತನಾಲ್ಕು ವರ್ಷ ತಿರುಗಿದ ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವ ಮೊದಲ ಮಾತು ಇದು. ಹಾಗೆ ಹೇಳುವವನು ಊರಿನವನಾದರೆ ಅವನಿಗೆ ಯಾರ ಮೇಲೋ ಸಿಟ್ಟಿರುತ್ತದೆ. ಇಲಾಖೆಯವನಾದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಅವಸರವಿರುತ್ತದೆ. ನನಗೆ ಸಿಟ್ಟೂ ಇರಲಿಲ್ಲ, ಅವಸರವೂ ಇರಲಿಲ್ಲ. ಸಂಶಯವಿತ್ತು. ಅದು ಈ ಕೆಲಸಕ್ಕೆ ಬೇಕು ಎಂದು ಬಹಳ ವರ್ಷ ನಂಬಿದ್ದೆ. ಈಗಲೂ ಬೇಡ ಅನ್ನುವುದಿಲ್ಲ. ಆದರೆ ಅದು ನನ್ನಿಂದ ಏನು ಮಾಡಿಸಿತು ಎಂಬುದನ್ನೂ ಬರೆಯಬೇಕು.

ನಮ್ಮ ಮನೆ ಕುಂದಗೋಳದಲ್ಲಿ. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಯಾರಾದರೂ ಹತ್ತಿಯ ಚೀಲ ತಂದರೆ ಅಪ್ಪ ಮೇಲಿನ ಹತ್ತಿಯನ್ನು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎಳೆದು ಮೂಸುತ್ತಿದ್ದರು. ಮೇಲೆ ಒಣ ಹತ್ತಿ, ತಳದಲ್ಲಿ ಮುಗ್ಗಿದ್ದು. ಹತ್ತರಲ್ಲಿ ನಾಲ್ಕು ಚೀಲ ಹಾಗೇ ಇರುತ್ತಿದ್ದವು. ನಾನು ಗಾರ್ಡ್ ಆಗಿ ಹೊರಟ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಮ್ಯಾಲಿಂದು ನೋಡಿ ಮಾತಾಡಬ್ಯಾಡಪಾ. ತಳಕ್ಕ ಕೈ ಹಾಕು."

ಮೊದಲು ನನ್ನನ್ನು ಹಾಕಿದ್ದು ಕಲಘಟಗಿ ಕಡೆಯ ಕಾಡಂಚಿಗೆ. ಅಲ್ಲಿ ಶಿವನಿ ಗಿಡಗಳ ಎಳೆಯ ನೆಡುತೋಪು ಇತ್ತು. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎರಡು ಸಾಲಿನ ಗಿಡಗಳ ತೊಗಟೆ ಸೊಂಟದೆತ್ತರದಲ್ಲಿ ಸೀಳಿ, ಚಿಂದಿ ಬಟ್ಟೆಯಂತೆ ಜೋತಾಡುತ್ತಿತ್ತು. ಹತ್ತಿರದ ಊರಲ್ಲಿ ನಾಟಿ ಔಷಧಿ ಕೊಡುವ ಒಬ್ಬ ಮುದುಕನಿದ್ದ. ತೊಗಟೆ, ಬೇರು ಅಂತ ಸದಾ ಕಾಡಲ್ಲೇ ಇರುತ್ತಿದ್ದ. ನನಗೆ ಅಷ್ಟು ಸಾಕಾಯಿತು. ಅವನ ಮನೆಗೆ ಹೋಗಿ ಗಡಿಗೆ, ಗಂಟು, ಚೀಲ ಎಲ್ಲ ಬಿಚ್ಚಿಸಿದೆ. ತೊಗಟೆ ಸಿಕ್ಕಿತು ಕೂಡ. ಅದನ್ನು ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಗೆದ್ದವನಂತೆ ರೇಂಜರ್ ಸಾಹೇಬರ ಎದುರಿಗಿಟ್ಟೆ.

ಆ ರೇಂಜರ್ ವಯಸ್ಸಾದವರು, ಮಾತು ಕಡಿಮೆ. ಪೊಟ್ಟಣ ಬಿಚ್ಚಿ ನೋಡಿ, "ಇದು ಮತ್ತಿ ಗಿಡದ್ದು. ನಡಿ, ನಿನ್ನ ಶಿವನಿ ತೋರಸು" ಅಂದರು. ತೋಪಿಗೆ ಬಂದು ನನ್ನ ಬೆರಳು ಹಿಡಿದು ಗಿಡದ ಗಾಯದ ಮೇಲೆ ಎಳೆದರು. ಮರದಲ್ಲಿ ಉದ್ದುದ್ದಕ್ಕೆ ಗೀರು ಬಿದ್ದಿದ್ದವು. ಕೊಡಲಿಯ ಕಚ್ಚಲ್ಲ. ಅಂಟಿನಲ್ಲಿ ಕೆಂಚು ಬಣ್ಣದ ಗಿಡ್ಡ ಕೂದಲು ಸಿಕ್ಕಿಕೊಂಡಿದ್ದವು. ಅವನ್ನು ಬಿಡಿಸಿ ನನ್ನ ಅಂಗೈ ಮೇಲಿಟ್ಟು ಕೇಳಿದರು:

"ನಿನ್ನ ಔಷಧಿ ಮುದುಕಗ ಇಂಥಾ ಕೂದಲಾ ಅದಾವೇನಪಾ?"

ಚುಕ್ಕೆ ಜಿಂಕೆಯ ಗಂಡು ತನ್ನ ಕೊಂಬಿನ ಮೇಲಿನ ಚರ್ಮ ಒಣಗಿ ತುರಿಸತೊಡಗಿದಾಗ ಎಳೆಯ ಗಿಡಕ್ಕೆ ತಿಕ್ಕುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಅಲ್ಲೇ ನಿಂತು ಅವರು ಕಲಿಸಿದ್ದನ್ನು ಇವತ್ತಿನವರಿಗೂ ಹೇಳುತ್ತೇನೆ. ತುದಿ ನೋಡಿ. ಜಿಂಕೆಗೂ ಆಡಿಗೂ ಮೇಲಿನ ಮುಂಬಲ್ಲಿಲ್ಲ, ಆದ್ದರಿಂದ ಅವು ತಿಂದ ಚಿಗುರು ಹರಿದ ಹಾಗಿರುತ್ತದೆ. ಓರೆಯಾಗಿ ನುಣ್ಣಗೆ ಕತ್ತರಿಸಿದ್ದರೆ ಮೊಲ, ಇಲ್ಲವೇ ಕುಡುಗೋಲು. ಆಮೇಲೆ ಎತ್ತರ ನೋಡಿ. ಮೊಣಕಾಲಿನ ಮೇಲೆ ನುಣ್ಣಗೆ ಕತ್ತರಿಸುವ ಮೊಲ ಇನ್ನೂ ಹುಟ್ಟಿಲ್ಲ. ಜಿಂಕೆಯ ಹೆಜ್ಜೆ ಮುಂದೆ ಚೂಪು, ಆಡಿನದು ಮೊಂಡು. ಹಿಕ್ಕೆಯಿಂದ ಮಾತ್ರ ಮೋಸ ಹೋಗಬೇಡಿ, ಎರಡರದೂ ಹೆಚ್ಚು ಕಡಿಮೆ ಒಂದೇ.

ಮರುದಿನ ಮುದುಕನ ಮನೆಗೆ ಹೋಗಿ ಕೈ ಮುಗಿದೆ. ಅವನು ನಕ್ಕು ಚಹಾ ಕೊಟ್ಟ. ಅಷ್ಟು ಸುಲಭವಾಗಿ ಮುಗಿದದ್ದೇ ತಪ್ಪಾಯಿತೇನೋ. ಪಾಠ ಕಲಿತೆ ಅಂದುಕೊಂಡೆ.

ಮುಂದೆ ಕುಂದಗೋಳ ತಾಲೂಕಿಗೆ ಬಂದೆ. ಎರೆ ಮಣ್ಣಿನ ಸೀಮೆ. ಇಲ್ಲಿ ಜಿಂಕೆ ಎಂದರೆ ಚಿಗರಿ, ಪುಸ್ತಕದಲ್ಲಿ ಕೃಷ್ಣಮೃಗ ಎನ್ನುತ್ತಾರಲ್ಲ ಅದು. ಹೆಸರಿನ ಎಳೆ ಗಿಡ, ಕಡಲೆ ಸೊಪ್ಪು ಅಂದರೆ ಅದಕ್ಕೆ ಪ್ರಾಣ. ರೈತರಿಗೆ ಅದರ ಹೆಸರು ಎತ್ತಿದರೆ ಸಾಕು, ಕೋಪ. ಕುಬಿಹಾಳದ ಕಡೆ ದಾರಿ ಬದಿಗೆ ಮತ್ತು ಕೆರೆಯ ದಂಡೆಗೆ ನಾವು ಬೇವು, ಹುಣಸೆ ನೆಟ್ಟಿದ್ದೆವು. ಅವನ್ನು ಉಳಿಸಲು ಮಾಡದ ಸಾಹಸವಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಕಡಿದು ಸುತ್ತ ಒಡ್ಡಿದೆವು. ಎರಡು ತಿಂಗಳಲ್ಲಿ ಅದು ಒಣಗಿ ಯಾರದೋ ಒಲೆ ಸೇರಿತು. ಸಗಣಿ ಕದಡಿ ಕಾಂಡಕ್ಕೆ ಬಳಿದೆವು. ಮೊದಲ ಮಳೆಗೆ ತೊಳೆದುಹೋಯಿತು. ಹಳೆಯ ಸೀರೆ ಕಟ್ಟಿದೆವು. ನಾಲ್ಕು ದಿನ ಚಿಗರಿ ದೂರ ನಿಂತು ನೋಡಿದವು, ಐದನೆಯ ದಿನ ಒಂದು ಮರಿ ಸೀರೆಯ ನೆರಳಲ್ಲೇ ಮಲಗಿತ್ತು. ಕಬ್ಬಿಣದ ಜಾಳಿಗೆಗಳನ್ನು ತಂದು ಒಂದೊಂದು ಗಿಡಕ್ಕೂ ತೊಡಿಸಿದೆವು. ಅವು ನಿಜವಾಗಿ ಕೆಲಸ ಮಾಡಿದವು. ಅದಕ್ಕೇ ಕಳುವಾದವು. ಒಂದನ್ನು ನಾನೇ ಪತ್ತೆ ಮಾಡಿದೆ. ಅದನ್ನು ಅಡ್ಡ ಮಲಗಿಸಿ, ಒಳಗೆ ಆರು ಕೋಳಿ ಕೂಡಿಹಾಕಿದ್ದರು.

"ಇದು ಎಲ್ಲಿಂದ ಬಂತಮ್ಮಾ?" ಎಂದು ಆ ಮನೆಯ ಮುದುಕಿಯನ್ನು ಕೇಳಿದೆ.

"ಗಾಳಿಗೆ ಬಂದೈತ್ರಿ," ಅಂದಳು.

ಅಲ್ಲಿಯೇ ನನಗೆ ಹೆಸರು ತಂದ ಪ್ರಕರಣ ನಡೆದದ್ದು. ದಾರಿಯ ಬದಿಯ ಹನ್ನೊಂದು ಬೇವಿನ ಗಿಡಗಳು ಒಂದೇ ವಾರದಲ್ಲಿ ಹೋದವು. ಬಾಜು ಹೊಲದವರು ಊರಿನ ಹಿರಿಯರು, ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ಶಿವಾ ಎನ್ನುವವರು. ನಾನು ಹೋದಾಗ ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿ, "ಏನ್ ಮಾಡೂದ್ರಿ ಸಾಹೇಬ್ರ, ಚಿಗರಿ ಕಾಟ ಅಗದಿ ವಿಪರೀತ ಆಗೇತಿ" ಎಂದು ನಿಟ್ಟುಸಿರು ಬಿಟ್ಟರು. ಮಜ್ಜಿಗೆ ಕುಡಿದು ಗಿಡದ ಹತ್ತಿರ ಬಗ್ಗಿದೆ. ಎದೆಯೆತ್ತರದಲ್ಲಿ, ಓರೆಯಾಗಿ, ನುಣ್ಣಗೆ ಕತ್ತರಿಸಿದ ತುದಿ. ಹನ್ನೊಂದಕ್ಕೆ ಹನ್ನೊಂದೂ ಹಾಗೇ. ಬೇವಿನ ನೆರಳು ಅವರ ಹತ್ತಿಯ ಮೇಲೆ ಬೀಳತೊಡಗಿತ್ತು.

"ಯಜಮಾನ್ರ, ನಿಮ್ಮ ಊರಾಗ ಚಿಗರಿ ಕುಡಗೋಲು ಹಿಡಕೊಂಡು ಬರ್ತಾವೇನ್ರಿ?" ಅಂದೆ.

ದಂಡ ಬಿತ್ತು, ಹನ್ನೊಂದು ಗಿಡ ತಾವೇ ನೆಟ್ಟು ನೀರುಣಿಸಬೇಕಾಯಿತು. ಈ ಮಾತು ತಾಲೂಕಿನಲ್ಲೆಲ್ಲ ಹಬ್ಬಿತು. ಅಂದಿನಿಂದ ಯಾರಾದರೂ ಚಿಗರಿ ಎಂದರೆ ನನಗೆ ಮೊದಲು ಅವರ ಕೈಯ ಮೇಲೆ ಕಣ್ಣು. ಚಿಗರಿ ಅನ್ನುವುದು ಸುಳ್ಳುಗಾರರು ಇಟ್ಟುಕೊಂಡ ಹೆಸರು ಎಂದು ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ಮನೆಯಲ್ಲೂ ಅದೇ ಚಾಳಿ. ಅಡುಗೆ ಮನೆಯಲ್ಲಿ ಹಾಲು ಚೆಲ್ಲಿದರೆ ಬಗ್ಗಿ ಬೆಕ್ಕಿನ ಹೆಜ್ಜೆ ಹುಡುಕುತ್ತಿದ್ದೆ. ಹೆಂಡತಿ ಮೆಹಬೂಬಿ, "ನಾನ ಚೆಲ್ಲೇನ್ರಿ. ವರದಿ ಬರೀರಿ" ಎನ್ನುತ್ತಿದ್ದಳು.

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ನವಲಗುಂದದ ಕಡೆ ಹಾಕಿದರು. ತಿರ್ಲಾಪುರ ದಾಟಿ ಹೋದರೆ ಸಿಗುವ ಒಂದು ಊರು. ಹೆಸರು ಬೇಡ. ಊರಿನಾಚೆ ಗೋಮಾಳದಲ್ಲಿ ಬೇವು, ಹೊಂಗೆ, ಬನ್ನಿ ನೆಟ್ಟು ಎರಡು ವರ್ಷವಾಗಿತ್ತು. ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಬಯಲಿನಲ್ಲಿ ಎದೆಯೆತ್ತರದ ಬೇವು ನೋಡುವುದೇ ಒಂದು ಹಬ್ಬ. ಅದರ ಕಾವಲಿಗೆ ಗಂಗವ್ವ ಎಂಬ ಹೆಣ್ಣುಮಗಳಿದ್ದಳು. ಐವತ್ತರ ಹತ್ತಿರದ ವಯಸ್ಸು, ಗಂಡನಿಲ್ಲ, ಮಗಳನ್ನು ಪಕ್ಕದೂರಿಗೆ ಕೊಟ್ಟಿದ್ದಳು. ತೋಪಿನ ಮೂಲೆಯಲ್ಲೇ ಒಂದು ಗುಡಿಸಲು, ಎರಡು ಆಡು. ಆಡು ಕಂಡ ಮೊದಲ ದಿನವೇ ನನಗೆ ಕಸಿವಿಸಿ. ಗಿಡ ಕಾಯುವವಳ ಮನೆಯಲ್ಲಿ ಗಿಡ ತಿನ್ನುವ ಪ್ರಾಣಿ!

ಶ್ರಾವಣದ ಒಂದು ಮುಂಜಾನೆ ಗಂಗವ್ವನೇ ಫೋನ್ ಮಾಡಿಸಿದಳು. ತೋಪಿನ ನಡುವೆ ಹದಿನಾರು ಬೇವು ಹಾಳಾಗಿದ್ದವು. ಕೆಲವು ಅರ್ಧಕ್ಕೆ ಮುರಿದಿದ್ದವು, ಕೆಲವುಗಳ ತೊಗಟೆ ಸೀಳಿತ್ತು. ನಡುವೆ ಒಂದು ಬರಿ ಜಾಗ, ಅಲ್ಲಿ ರಾಶಿ ಹಿಕ್ಕೆ. ಸುತ್ತಲಿನ ಮುಳ್ಳಿನ ಬೇಲಿ ಎಲ್ಲೂ ಮುರಿದಿರಲಿಲ್ಲ. ಬೇಲಿ ಗಟ್ಟಿಯಿದ್ದು ಗಿಡ ಹೋದರೆ ಕಳ್ಳ ಒಳಗಿನವನೇ. ನನ್ನ ಲೆಕ್ಕ ಅಲ್ಲಿಗೇ ಮುಗಿದಿತ್ತು.

"ಗಂಗವ್ವಾ, ನಿನ್ನ ಆಡು ಎಲ್ಲಿ ಮೇಯ್ತಾವ?"

"ಹಳ್ಳದ ದಂಡಿ ಮ್ಯಾಲ್ರಿ. ಒಳಗ ಒಂದು ದಿನಾನೂ ಬಿಟ್ಟಿಲ್ರಿ."

"ಮತ್ತ ಇವನ್ನ ಯಾರು ಮುರದ್ರು?"

"ಒಂದು ಗಂಡು ಚಿಗರಿ ಬರತೈತ್ರಿ, ಕರೇದು. ಬೆಳಕು ಹರಿಯೂ ಹೊತ್ತಿಗೆ ಬೇಲಿ ಜಿಗದು ಬಂದು ಗಿಡಕ್ಕ ಕೊಂಬು ತಿಕ್ಕತೈತಿ. ಬರೇ ಈ ಜಾಗಾದಾಗ. ಓಡಿಸಿದ್ರ ಒಂದೀಟು ದೂರ ಹೋಗಿ ನಿಂತು ನನ್ನನ್ನ ನೋಡತೈತಿ."

"ಚಿಗರಿ ಅಂದ್ರ ಮುಗೀತೇನು? ಎಲ್ಲಾರೂ ಅದನ್ನ ಹೇಳ್ತೀರಿ."

"ಎಲ್ಲಾರೂ ಏನ್ ಹೇಳ್ತಾರೋ ನನಗ ಗೊತ್ತಿಲ್ರಿ. ನಾ ನೋಡಿದ್ದು ಹೇಳಾಕತ್ತೇನಿ."

ಆ ದಿನ ನಾನು ಬಗ್ಗಲಿಲ್ಲ. ಗಾಯದ ಮೇಲೆ ಬೆರಳಿಡಲಿಲ್ಲ. ಹಿಂದಿನ ದಿನ ಮಳೆಯಾಗಿ ಹೆಜ್ಜೆ ಕಲಸಿಹೋಗಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಎರೆ ಮಣ್ಣು ಹಸಿಯಾಗಿದ್ದಾಗಲೇ ಹೆಜ್ಜೆಯನ್ನು ಚೆನ್ನಾಗಿ ಹಿಡಿದಿಡುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡಲಿಲ್ಲ. ಹಿಕ್ಕೆಯೊಂದೇ ಸಾಕಾಯಿತು.

ಪಂಚಾಯಿತಿ ಕಟ್ಟೆಗೆ ಹೋಗಿ ವರದಿ ಬರೆದೆ. ಹತ್ತಾರು ಜನ ಕೂತಿದ್ದರು. ಗಂಗವ್ವನಿಗೆ ಓದಲು ಬಾರದ್ದರಿಂದ ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದೆ: ಕಾವಲುಗಾರ್ತಿ ತನ್ನ ಆಡುಗಳನ್ನು ತೋಪಿನೊಳಗೆ ಬಿಟ್ಟು ಸಸಿಗಳ ನಾಶಕ್ಕೆ ಕಾರಣಳಾಗಿದ್ದಾಳೆ. ಹೆಬ್ಬೆಟ್ಟಿನ ಮಸಿಯನ್ನು ಮುಂದೆ ಚಾಚಿದೆ.

"ಒತ್ತಂಗಿಲ್ರಿ," ಅಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ನಡೆದುಹೋದಳು. ಒಂದು ವಾರಕ್ಕೆ ಆಕೆಯನ್ನು ಕೆಲಸದಿಂದ ತೆಗೆದರು. ಗುಡಿಸಲು ಖಾಲಿ ಮಾಡಿ ಊರೊಳಗೆ ಹೋದಳು. ಹೊಸ ಕಾವಲುಗಾರ ಬಂದ. ಅವನ ಮನೆಯಲ್ಲಿ ಆಡಿಲ್ಲ ಎಂದು ನಾನೇ ಹೋಗಿ ನೋಡಿ ಬಂದಿದ್ದೆ.

ಇಪ್ಪತ್ತು ದಿನದಲ್ಲಿ ಮತ್ತೆ ಒಂಬತ್ತು ಗಿಡ ಮುರಿದವು. ಅದೇ ನಡುವಿನ ಜಾಗ, ಅದೇ ಹಿಕ್ಕೆ.

ಬುದ್ಧಿಯಿರುವ ಮನುಷ್ಯನಿಗೆ ಅಷ್ಟಕ್ಕೇ ತಿಳಿಯಬೇಕಿತ್ತು. ಆಡಿಲ್ಲ, ಗಂಗವ್ವನಿಲ್ಲ, ಗಿಡ ಮುರಿಯುತ್ತಿದೆ. ಆದರೆ ಸಂಶಯಕ್ಕೆ ತನ್ನದೇ ಒಂದು ಬುದ್ಧಿ ಇರುತ್ತದೆ. ಇದು ಗಂಗವ್ವನ ಸೇಡು ಎಂದು ನನಗೆ ಅನ್ನಿಸಿತು. ಕೆಲಸ ಕಿತ್ತುಕೊಂಡ ಸಿಟ್ಟಿಗೆ ತಾನೇ ಬಂದು ಮುರಿಯುತ್ತಾಳೆ, ಆಡು ಹೋದ ಮೇಲೂ ಹೀಗೇ ಎಂದು ತೋರಿಸಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಲು ಆಡಿನ ಹಿಕ್ಕೆ ತಂದು ಸುರಿಯುತ್ತಾಳೆ! ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಮಾತ್ರ ಅದು ಒಂದರ ಹಿಂದೊಂದು ಸರಿಯಾಗಿ ಹೊಂದುತ್ತಿತ್ತು. ಮೆಹಬೂಬಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಆಕಿ ಬುಟ್ಟಿ ತುಂಬ ಹಿಕ್ಕಿ ಹೊತ್ತು, ಮುಳ್ಳಿನ ಬೇಲಿ ದಾಟಿ ಬರ್ತಾಳ? ಐವತ್ತು ವರ್ಷದಾಕಿ?"

ಗಂಗವ್ವನನ್ನು ಕೈಯಾರೆ ಹಿಡಿಯಬೇಕೆಂದು ಮರುದಿನ ನಸುಕಿನಲ್ಲೇ ಹೊರಟೆ. ಮೋಟಾರ್ ಸೈಕಲ್ಲನ್ನು ಗಿಡಗಳ ಮರೆಗೆ ನಿಲ್ಲಿಸಿ, ಬೇಲಿಯ ಹೊರಗಿನ ಜಾಲಿ ಪೊದೆಯ ಹಿಂದೆ ಕುಳಿತೆ. ಮೂಡಣ ಕೆಂಪಾಗುವ ಹೊತ್ತಿಗೆ ಅದು ಬಂತು. ಒಂದೇ ಒಂದು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೊಂಬು. ಸೊಂಟದೆತ್ತರದ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟಿತು. ನೇರ ಆ ಬರಿ ಜಾಗಕ್ಕೆ ಹೋಗಿ, ಮೂಸಿ, ಹಳೆಯ ರಾಶಿಯ ಮೇಲೆಯೇ ಹಿಕ್ಕೆ ಹಾಕಿತು. ಆಮೇಲೆ ಒಂದು ಬೇವಿನ ಗಿಡಕ್ಕೆ ತಲೆ ತಗ್ಗಿಸಿ ಕೊಂಬನ್ನು ತಿಕ್ಕತೊಡಗಿತು. ತಿನ್ನಲಿಲ್ಲ. ಒಂದೆಲೆಯನ್ನೂ ತಿನ್ನಲಿಲ್ಲ. ತಿಕ್ಕಿ, ತಿರುಚಿ, ಗಿಡ ಲಟಕ್ಕನೆ ಮುರಿದಾಗ ತಲೆಯೆತ್ತಿ ಸುತ್ತ ನೋಡಿತು. ಇದು ನನ್ನ ನೆಲ ಎಂದು ಬೇರೆ ಗಂಡುಗಳಿಗೆ ಸಾರುವ ಹಾಗಿತ್ತು.

ಬೆನ್ನ ಹಿಂದೆ ಮಾತು ಕೇಳಿಸಿತು.

"ಯಾರನ್ನ ಹಿಡಿಯಾಕ ಕುಂತೀರಿ ಸಾಹೇಬ್ರ? ನನ್ನನ್ನೇನು?"

ಗಂಗವ್ವ. ಜೊತೆಗೆ ನಾಲ್ಕು ಹೆಂಗಸರು, ಕಸ ತೆಗೆಯಲು ಯಾರದೋ ಹೊಲಕ್ಕೆ ಹೊರಟವರು. ಎಲ್ಲರೂ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತ ನನ್ನನ್ನೇ ನೋಡುತ್ತಿದ್ದರು. ಆಕೆ ಚಿಗರಿಯ ಕಡೆ ಬೆರಳು ಮಾಡಿದಳು.

"ಅದು ನಿಮ್ಮ ಗಿಡದಾಗ ಬಂದಿಲ್ರಿ. ನೀವು ಅದರ ಜಾಗಾದಾಗ ಗಿಡ ಹಚ್ಚೀರಿ."

ಅಷ್ಟೇ ಹೇಳಿ ಹೆಂಗಸರೊಂದಿಗೆ ನಡೆದಳು.

ನನ್ನ ಮೊದಲ ವರದಿ ತಪ್ಪು ಎಂದು ಎರಡನೆಯ ವರದಿ ಬರೆದುಕೊಂಡು ಕಚೇರಿಗೆ ಹೋದೆ. ಆಗಿನ ರೇಂಜರ್ ವಯಸ್ಸಿನಲ್ಲಿ ನನ್ನ ಮಗನಂತಿದ್ದವರು, ಚುರುಕು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿ ನನ್ನ ಮುಖ ನೋಡಿದರು.

"ಮೊದಲ ಆಡು ಅಂದ್ರಿ. ಈಗ ಚಿಗರಿ ಅಂತೀರಿ. ನಡುವ ಏನಾತು ಕಾಕಾ? ಆ ಹೆಣ್ಣಮಗಳು ಬಂದು ಅತ್ತಳೇನು? ಇಲ್ಲಾ, ಊರಿನ ಹಿರ್ಯಾರು ಏನರ ಹೇಳಿ ಕಳಿಸಿದ್ರೇನು?"

"ನಾನ ಕಣ್ಣಾರೆ ನೋಡೇನ್ರಿ," ಅಂದೆ.

"ಎಲ್ಲಾರೂ ಹಂಗ ಹೇಳ್ತಾರ."

ನೋಡಿದ್ದನ್ನು ಹೇಳಿದರೂ ಎದುರಿನವನ ಕಣ್ಣಲ್ಲಿ ಅದು ಸುಳ್ಳಾಗಿ ಕಾಣುವುದು ಹೇಗಿರುತ್ತದೆ ಎಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಕಿವಿ ಬಿಸಿಯಾಗುತ್ತದೆ. ಇನ್ನೂ ಹೇಳಬೇಕೆನಿಸುತ್ತದೆ, ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತದೆ. ಗಂಗವ್ವ ಕಟ್ಟೆಯ ಮೇಲೆ ಯಾಕೆ ಹೆಚ್ಚು ಮಾತಾಡಲಿಲ್ಲ ಎಂಬುದೂ ತಿಳಿಯಿತು.

ರೇಂಜರ್ ಒಂದು ಕ್ಯಾಮೆರಾ ಕಟ್ಟಿಸಿದರು. ಎದುರಿಗೆ ಏನು ಓಡಾಡಿದರೂ ತಾನೇ ಫೋಟೋ ತೆಗೆಯುವಂಥದ್ದು. ನಮ್ಮ ಕಾಲದಲ್ಲಿ ಇರದಿದ್ದ ಸಾಧನ. ಒಂದು ವಾರದ ನಂತರ ಕಂಪ್ಯೂಟರಿನ ಮುಂದೆ ಇಬ್ಬರೂ ಕುಳಿತೆವು. ನಾಲ್ಕು ಮುಂಜಾನೆ ಅದೇ ಚಿಗರಿ, ಅದೇ ತಿಕ್ಕಾಟ. ಒಂದರಲ್ಲಿ ಕಾವಲುಗಾರನ ಕಣ್ಣು ತಪ್ಪಿಸಿ ಬೇಲಿಯ ಮುಳ್ಳು ಎಳೆಯುತ್ತಿದ್ದ ಒಬ್ಬ. ಕೊನೆಯದರಲ್ಲಿ, ಕ್ಯಾಮೆರಾ ನೋಡಲು ಬಂದ ನಾನೇ ಮೋಟಾರ್ ಸೈಕಲ್ಲನ್ನು ಒಂದು ಹೊಂಗೆಯ ಸಸಿಗೆ ಆನಿಸಿ ನಿಲ್ಲಿಸಿದ್ದು, ಸಸಿ ನೆಲಕ್ಕೆ ಬಾಗಿದ್ದು.

"ಈ ಆರೋಪಿ ಯಾರ್ರೀ?" ಎಂದು ರೇಂಜರ್ ಕೇಳಿದರು. ನಕ್ಕರು. ನನಗೆ ನಗು ಬರಲಿಲ್ಲ. ಅಂದೇ ಗಂಗವ್ವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಸಹಿ ಹಾಕಿದರು.

ಆಕೆಯ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಆಕೆ ಕಾಳು ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಕೆಲಸದ ಮಾತು ಆಮ್ಯಾಲ. ನೀವು ಕಟ್ಟಿ ಮ್ಯಾಲ ಓದಿದ್ದು ಊರೆಲ್ಲ ಕೇಳೇತಿ. ನನ್ನ ಮಗಳ ಅತ್ತಿ ಮನಿಯಾಗೂ ಕೇಳ್ಯಾರ, ಆಕಿಗೆ ಅಂದಾರ. ಅಲ್ಲೇ ನಿಂತು ಮಾತಾಡ್ರಿ."

ಕಟ್ಟೆಗೆ ಹೋದೆವು. ದಾರಿಯಲ್ಲಿ ಆಕೆ ಎರಡು ಮನೆಯವರನ್ನು ಕೂಗಿ ಕರೆದಳು. ಹದಿನೈದಿಪ್ಪತ್ತು ಜನ ಸೇರಿದರು. ಸಮವಸ್ತ್ರದಲ್ಲಿ ನಿಂತು ಹೇಳಿದೆ: "ಗಿಡ ಮುರದದ್ದು ಚಿಗರಿ. ಗಂಗವ್ವನ ಆಡಲ್ಲ. ನನ್ನಿಂದ ತಪ್ಪಾತು."

ಮುಗಿಯಿತೆಂದು ಟೊಪ್ಪಿಗೆ ಹಾಕಿಕೊಂಡೆ.

"ಮುಗದಿಲ್ರಿ," ಅಂದಳು ಗಂಗವ್ವ. "ತಪ್ಪು ಯಾರಿಂದನೂ ಆಗತೈತಿ. ನಾ ಅವತ್ತ ಹೇಳಿದ್ದೆ, ನೀವು ಕೇಳಲಿಲ್ಲ. ಅದನ್ನ ಅನ್ರಿ."

ಅದು ಬೇರೆ ಮಾತು ಎಂದು ನನಗೆ ತಕ್ಷಣ ಗೊತ್ತಾಯಿತು. ಟೊಪ್ಪಿಗೆಯನ್ನು ಮತ್ತೆ ತೆಗೆದೆ. ಅಂದೆ: "ಗಂಗವ್ವ ಹೇಳಿದ್ಲು. ನಾ ಕೇಳಲಿಲ್ಲ."

ಮರುದಿನ ಆಕೆ ಕೆಲಸಕ್ಕೆ ಬಂದಳು. ಏನು ಮಾಡಬೇಕೆಂದು ಈ ಸಲ ನಾನೇ ಕೇಳಿದೆ. ಆಕೆ ಹೇಳಿದಂತೆ ಚಿಗರಿಯ ಜಾಗವನ್ನು ಬರಿದಾಗಿಯೇ ಬಿಟ್ಟೆವು, ಅಲ್ಲಿ ಮತ್ತೆ ಗುಂಡಿ ತೋಡಲಿಲ್ಲ. ಅದರ ಸುತ್ತ ಗಂಟುಗಂಟಾದ ಜಾಲಿಯ ಗೂಟಗಳನ್ನು ಆಳವಾಗಿ ಹುಗಿದೆವು. ಗೂಟ ಒರಟಾಗಿತ್ತು, ಬಾಗುತ್ತಿರಲಿಲ್ಲ. ಚಿಗರಿಗೆ ಅದೇ ಹಿಡಿಸಿತು. ಬಂದು ಗೂಟಕ್ಕೆ ಕೊಂಬು ತಿಕ್ಕಿ ಹೋಗುತ್ತಿತ್ತು. ಆಮೇಲೆ ಒಂದೆರಡು ಗಿಡ ಮುರಿದಿರಬಹುದು, ಹೆಚ್ಚಿಲ್ಲ. ಎಲ್ಲ ಕಡೆ ಇದು ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಚಿಗುರು ತಿನ್ನಲು ಬರುವ ಹಿಂಡಿಗೆ ಗೂಟದಿಂದ ಏನೂ ಆಗದು, ಅದಕ್ಕೆ ಎತ್ತರದ ಬೇಲಿಯೇ ಬೇಕು. ಯಾವುದಕ್ಕೆ ಬಂದಿದೆ ಎಂದು ಮೊದಲು ನೋಡಿ.

ನಿವೃತ್ತಿಯ ಹಿಂದಿನ ದಿನ ಆ ತೋಪಿಗೆ ಹೋದೆ. ಬೇವು ಎರಡಾಳೆತ್ತರವಾಗಿತ್ತು, ಗಂಗವ್ವ ಅದರ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನನಗೂ ಕೊಟ್ಟಳು. ಬಹಳ ಹೊತ್ತು ಮಳೆ ಬೆಳೆ ಮಾತಾಡಿದೆವು. ಏಳುವ ಮುಂಚೆ ಕೇಳಿಯೇಬಿಟ್ಟೆ.

"ಗಂಗವ್ವಾ, ನನ್ನ ಮ್ಯಾಲ ಇನ್ನೂ ಸಿಟ್ಟೈತೇನು?"

ಆಕೆ ಯೋಚಿಸಿದಳು. ಉಪಚಾರಕ್ಕೆ ಮಾತಾಡುವ ಹೆಣ್ಣುಮಗಳಲ್ಲ.

"ಸಿಟ್ಟೇನಿಲ್ರಿ. ಆದ್ರ ನಿಮ್ಮ ಗಾಡಿ ಸಪ್ಪಳ ಕೇಳಿದ್ರ, ಇವತ್ತಿಗೂ ಮೊದಲ ಎದ್ದು ಹೋಗಿ ಆಡಿನ ಕೊರಳಾಗ ಹಗ್ಗ ಐತ್ಯೋ ಇಲ್ಲೋ ನೋಡ್ತೀನ್ರಿ."